ನಾಯಂಡಹಳ್ಳಿಯಲ್ಲಿ ಮೂಲಗೇಣಿ

ನಾಯಂಡಹಳ್ಳಿಗೆ ಬಂದ ದಿನ ಜಮೀನಿನ ಯಜಮಾನರು ಹೊನ್ನೇಗೌಡರು ನಮಗೆ ಕೊಡುವ ಜಾಗವನ್ನು ಹೆಜ್ಜೆ ಹಾಕಿ ಅಳೆದು, ಮೂಲೆಗೊಂದು ಕಲ್ಲು ಉರುಳಿಸಿ ಹೊರಟುಹೋದರು. ಬದುವಿಲ್ಲ, ಬೇಲಿಯಿಲ್ಲ. ಕುಂದಾಪುರದಲ್ಲಿ ಕಣ್ಣು ಮುಚ್ಚಿ ನಡೆದರೂ ಯಾರ ಗದ್ದೆಯೆಂದು ಕಾಲಿಗೆ ತಿಳಿಯುತ್ತದೆ. ಇಲ್ಲಿ ಬರೀ ಕೆಂಪು ಬಯಲು. ನನಗೆ ಅಳುವೇ ಬಂತು.

ನನ್ನ ಗಂಡನಿಗೆ ಮೈಸೂರು ರಸ್ತೆಯ ವರ್ಕ್‌ಶಾಪಿನಲ್ಲಿ ಕೆಲಸ. ವರ್ಷಕ್ಕಿಷ್ಟು ಎಂದು ಬಾಯಿಮಾತಿನಲ್ಲೇ ಮುಗಿಸಿ ಮನೆ ಕಟ್ಟಿದೆವು, ಬಾಳೆ ನೆಟ್ಟೆವು. ಊರಲ್ಲಿ ನಮ್ಮದು ಮೂಲಗೇಣಿ. ಊರಿನವರಾದ ನಿಮಗೆ ಗೊತ್ತೇ ಇದೆ, ಇಲ್ಲಿಯವರಿಗೆ ಮಾತ್ರ ಬಿಡಿಸಿ ಹೇಳಿ ಸಾಕಾಗಿದೆ: ನೆಲ ಧಣಿಯದು, ಆದರೆ ಗೊತ್ತಾದ ಗೇಣಿ ಸಲ್ಲಿಸುವವರೆಗೆ ನಮ್ಮನ್ನಾಗಲಿ ಮಕ್ಕಳನ್ನಾಗಲಿ ಯಾರೂ ಎಬ್ಬಿಸುವಂತಿಲ್ಲ. ಅದಕ್ಕೊಂದು ಚೀಟಿ ಇತ್ತಂತೆ, ನಾನು ಕಂಡವಳಲ್ಲ. ನಾನು ಕಂಡದ್ದು ಚೌತಿಗೆ ಧಣಿಗೆ ಒಪ್ಪಿಸುವ ಬಾಳೆಗೊನೆ. ಅವರು ಅದನ್ನು ತೆಗೆದುಕೊಂಡರೆ ಒಕ್ಕಲು ಗಟ್ಟಿ.

ಇಲ್ಲಿಯೂ ಮೂರು ಚೌತಿಗೆ ಗೌಡರ ಮನೆಗೆ ಗೊನೆ ಹೊತ್ತೆ. ಗೌಡರ ಹೆಂಡತಿ ಪ್ರತಿ ಸಲವೂ ಬುಟ್ಟಿಯಲ್ಲಿ ರಾಗಿಹಿಟ್ಟು ತುಂಬಿ ಕಳಿಸಿದರು. ಅದರಲ್ಲೇ ಮುದ್ದೆ ಕಟ್ಟುವುದು ಕಲಿತು ಬೀಗಿದೆ. ಧಣಿಯ ಮನೆಯಿಂದ ಬುಟ್ಟಿ ಎಂದಾದರೂ ತುಂಬಿ ಬರುತ್ತದೆಯೇ? ನನ್ನ ಮಂಡೆಗೆ ಆಗಲೇ ಹೊಳೆಯಬೇಕಿತ್ತು.

ನಾಲ್ಕನೆಯ ಚೌತಿಗೆ ಗೌಡರು ಗೊನೆ ಇಳಿಸಿಕೊಂಡು ಹೇಳಿದರು: "ಜಮೀನು ಮಾರ್ಬಿಟ್ಟೆ ಕಣಮ್ಮ. ಲೇಔಟ್ ಮಾಡ್ತಾರಂತೆ. ಸಂಕ್ರಾಂತಿಯೊಳಗೆ ಖಾಲಿ ಮಾಡ್ಕೊಡಿ."

"ಮತ್ತೆ ವರ್ಷಾ ವರ್ಷಾ ಗೊನೆ ತಕಂಡ್ರಿ?"

"ಅಯ್ಯೋ, ಹಬ್ಬಕ್ಕೆ ಅಂತ ಪ್ರೀತಿಯಿಂದ ತಂದ್ರಿ, ತಿಂದ್ವಿ. ಅದ್ಕೂ ಜಮೀನ್ಗೂ ಏನಮ್ಮ ಸಂಬಂಧ?"

ಅವರ ಮುಖದಲ್ಲಿ ಮೋಸವಿರಲಿಲ್ಲ, ಜಗಳವಾಡಲೂ ದಾರಿಯಿರಲಿಲ್ಲ. ಆ ದಿನವೂ ಹಿಟ್ಟು ಹೊತ್ತುಕೊಂಡೇ ಮನೆಗೆ ಬಂದೆ.

ಊರಿಗೆ ಮರಳೋಣವೆಂದು ಗಂಡನ ಅಣ್ಣನಿಗೆ ಕಾಗದ ಹಾಕಿದೆವು. ಹೊಸ ಕಾನೂನು ಬಂದು ಅಲ್ಲಿ ಗೇಣಿಯೇ ಹೋಗಿದೆ, ಉಳುವವರಿಗೇ ಭೂಮಿ. ಭಾವ ಅರ್ಜಿ ಕೊಟ್ಟಾಗಿತ್ತು, ತಮ್ಮೊಬ್ಬರ ಹೆಸರಿನಲ್ಲಿ. "ನಿಮಗೆ ಅಲ್ಲಿಯೇ ನೆಲೆಯಾಗಿದೆಯಲ್ಲ" ಎಂದು ಉತ್ತರ ಬಂತು.

ಗಂಡ ಓದಿ, "ಎಂತ ಮಾಡೂದು ಹೇಳು?" ಎಂದರು. ನನಗೇನು ಗೊತ್ತು? ನಿಮಗೆ ನಾವು ಬೆಂಗಳೂರಿನವರು, ಇಲ್ಲಿಯವರಿಗೆ ಮಂಗಳೂರು ಕಡೆಯವರು. ಭಾವನ ಮೇಲೆ ಸಿಟ್ಟಾಗಲೂ ಬಾಯಿಲ್ಲ. ಮೊದಲ ಚೌತಿಯ ಮರುದಿನವೇ, "ಇಲ್ಲಿಯೂ ನಮಗೆ ಮೂಲಗೇಣಿ ಸಿಕ್ಕಿತು, ಇನ್ನು ನಮ್ಮ ಚಿಂತೆ ಬಿಡಿ" ಎಂದು ಅವರಿಗೆ ಬರೆದವಳು ನಾನೇ.