ನಿಕಲ್‌ನ ಇಸಿಜಿ

ಗದಗ ಹೊಸ ಜಿಲ್ಲೆಯಾದ ಕಾಲಕ್ಕೆ ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ಒಮ್ಮೆ ರಜೆಗೆ ಬೆಟಗೇರಿಯ ಮನೆಗೆ ಬರುವಾಗ ಕಂಪ್ಯೂಟರಿನ ಉದ್ದುದ್ದ ಕಾಗದಗಳನ್ನೂ ಹೊತ್ತು ತಂದಿದ್ದೆ. ನಿಕಲ್ ಲೋಹದೊಳಗೆ ಯಾವ ಶಕ್ತಿಯಲ್ಲಿ ಎಲೆಕ್ಟ್ರಾನುಗಳಿಗೆ ಎಷ್ಟು ಜಾಗವಿದೆ ಎಂದು ತೋರಿಸುವ ನಕ್ಷೆಗಳು ಅವು. ಆ ಎಲೆಕ್ಟ್ರಾನುಗಳು ಇರುವ ಡಿ ಕಕ್ಷಕಗಳು ಐದು, ಹಾಗಾಗಿ ನಕ್ಷೆಯೂ ಐದು. ಅವು ಏನು ಮಾಡಿದರೂ ತಾಳೆಯಾಗುತ್ತಿರಲಿಲ್ಲ. ಮಂಚದ ಮೇಲೆ ಹರಡಿಕೊಂಡು, ಊಟ ಬಿಟ್ಟು, ತಲೆಯ ಮೇಲೆ ಕೈಹೊತ್ತು ಕೂತಿದ್ದೆ.

ಅವ್ವ ಬಾಗಿಲಲ್ಲಿ ನಿಂತು ಕಾಗದ ನೋಡಿದಳು, ನನ್ನ ಮುಖ ನೋಡಿದಳು. ಏನೂ ಕೇಳದೆ ಹೋಗಿ ಲಕ್ಷ್ಮೇಶ್ವರದ ತನ್ನ ತಮ್ಮನಿಗೆ ಫೋನ್ ಮಾಡಿಬಂದಳು. ಮಾಮಾ ಶೇಂಗಾ ವ್ಯಾಪಾರಿ. ಹಿಂದಿನ ವರ್ಷ ಹುಬ್ಬಳ್ಳಿಯಲ್ಲಿ ಇಸಿಜಿ ಮಾಡಿಸಿಕೊಂಡಿದ್ದರಿಂದ ಎದೆಯ ವಿಷಯದಲ್ಲಿ ನಮ್ಮ ಬಳಗಕ್ಕೆಲ್ಲ ಅವನೇ ತಜ್ಞ. ಬಾಡಿಗೆ ಜೀಪು ಮಾಡಿಕೊಂಡೇ ಬಂದ. ಚೂಪಾದ ಗೆರೆಗಳ ಮೇಲೆ ಬೆರಳಾಡಿಸಿ ಮೆಲ್ಲಗೆ ನನ್ನನ್ನು ಕೇಳಿದ: “ಐದೂ ನಿನ್ನವ ಏನವ್ವಾ?”

“ಅಲ್ಲ ಮಾಮಾ, ನಿಕಲ್‌ದು.”

“ಆಕಿ ಯಾರು? ಆಕೀನ್ನೂ ಜೀಪಿನ್ಯಾಗ ಕರ್ಕೊಂಡ ಹೋಗೂಣು.”

ಅವನನ್ನು ಕೂಡ್ರಿಸಿ ವಿವರಿಸಿದೆ. ನಿಕಲ್ ಪರಮಾಣುಗಳು ಚೌಕ ಪೆಟ್ಟಿಗೆಯ ಮೂಲೆಗಳಲ್ಲೂ ಪ್ರತಿ ಮಗ್ಗುಲಿನ ನಡುವೆಯೂ ಕೂತಿರುತ್ತವೆ. ಐದು ಕಕ್ಷಕಗಳಲ್ಲಿ ಎರಡು ಪೆಟ್ಟಿಗೆಯ ಅಂಚುಗಳ ದಿಕ್ಕಿಗೆ ಚಾಚುತ್ತವೆ, ಮೂರು ಓರೆಯಾಗಿ ಅವುಗಳ ನಡುವೆ. ಹಾಗಾಗಿ ಆ ಎರಡರ ನಕ್ಷೆ ಒಂದೇ ಥರ, ಈ ಮೂರರದು ಒಂದೇ ಥರ ಬರಬೇಕು. ನನ್ನದರಲ್ಲಿ ಮೂರರಲ್ಲೊಂದು ಆ ಕಡೆ ಸೇರಿತ್ತು, ಎರಡರಲ್ಲೊಂದು ಈ ಕಡೆ ಬಂದಿತ್ತು.

“ಇದಕ್ಕ ಊಟಾ ಬಿಟ್ಟೀ?” ಅಂದ ಮಾಮಾ.

ಅವನಿಗೆ ತಿಳಿಯಲೆಂದು ಕಾಗದದ ಹಿಂದೆ ಆ ಪೆಟ್ಟಿಗೆಯನ್ನು ಮೇಲಿನಿಂದ ಕಂಡಂತೆ ಬರೆದೆ. ಲೆಕ್ಕ ಬೇಗ ಮುಗಿಯಲೆಂದು ಕಂಪ್ಯೂಟರಿಗೆ ನಾನು ಕೊಟ್ಟಿದ್ದ ಚಿಕ್ಕ ಪೆಟ್ಟಿಗೆಯನ್ನೂ ಅದರೊಳಗೆ ಬರೆದೆ. ಅದು ಓರೆಯಾಗಿ ನಿಂತಿತು. ಕಂಪ್ಯೂಟರು ಆ ಓರೆ ಅಂಚುಗಳನ್ನೇ ನೇರ ದಿಕ್ಕು ಎಂದು ಹಿಡಿದಿತ್ತು. ಹಾಗಾಗಿ ನೇರದ ಒಂದು ಕಕ್ಷಕದ ಹೆಸರೂ ಓರೆಯ ಒಂದರ ಹೆಸರೂ ಅದಲುಬದಲಾಗಿದ್ದವು, ಅಷ್ಟೇ. ನಿಕಲ್‌ನದು ಏನೂ ತಪ್ಪಿರಲಿಲ್ಲ.

ನಾನು ಬಿದ್ದು ಬಿದ್ದು ನಕ್ಕೆ. ರೋಗ ತಲೆಗೇರಿತೆಂದು ಅವ್ವ ಅಡುಗೆಮನೆಯಿಂದ ಓಡಿಬಂದಳು.

“ಎದಿ ಗಟ್ಟಿ ಐತಿ ಅಕ್ಕಾ,” ಅಂದ ಮಾಮಾ, “ಪೆಟಗಿ ಸೊಟ್ಟ ಆಗಿತ್ತಂತ.”

ಬಂದ ಜೀಪನ್ನು ಬರಿದೇ ಕಳಿಸಲು ಅವ್ವನಿಗೆ ಮನಸ್ಸಾಗಲಿಲ್ಲ. ರೊಟ್ಟಿ ಕಟ್ಟಿಕೊಂಡು ಕೊರ್ಲಹಳ್ಳಿಗೆ ಹೋಗಿ, ಹೊಳೆಯ ದಂಡೆಯಲ್ಲಿ ಕೂತು ಉಂಡೆವು. ತಿರುಗಿ ಬರುವಾಗ ಮಾಮಾ ಡ್ರೈವರನಿಗೆ ಮೂರು ಮತ್ತು ಎರಡರ ಸಂಗತಿಯನ್ನು ದಾರಿಯುದ್ದಕ್ಕೂ ಹೇಳುತ್ತಿದ್ದ, ಬಹುಪಾಲು ಸರಿಯಾಗಿಯೇ.