ಕಡಲ ದಂಡೆಯಲ್ಲಿ ಹುಳ ಮೇಯುವ ಸದ್ದು

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಇಪ್ಪತ್ತು ವರ್ಷದಿಂದ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪು ಸಿಕ್ಕಿಸಿಕೊಂಡು ಬಂದ ಹೆಂಗಸರಿಗೆ, "ಗಾಳಿಯೂ ಇಲ್ಲ ಗೀಳಿಯೂ ಇಲ್ಲ, ಮೈಯಲ್ಲಿ ರಕ್ತ ಇಲ್ಲ ಅಷ್ಟೆ" ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದವಳು. ಅವರಲ್ಲಿ ಯಾರಾದರೂ ಇದನ್ನು ಓದಿದರೆ ಹೊಟ್ಟೆ ತುಂಬ ನಗಲಿ. ನನಗೇನೂ ಬೇಸರವಿಲ್ಲ.

ನಮ್ಮೂರು ಕೋಲಾರದ ಕಡೆ, ಹುತ್ತೂರಿನ ಹತ್ತಿರ. ನಮ್ಮತ್ತೆ ಅಲ್ಲಿ ನಲವತ್ತು ವರ್ಷ ರೇಷ್ಮೆ ಹುಳ ಸಾಕಿದವರು. ಮನೆಯಲ್ಲಿ ಹುಳ ಇದ್ದರೆ ತವರಿಗೂ ಹೋಗುತ್ತಿರಲಿಲ್ಲ, ಹತ್ತಿರದವರ ಮದುವೆಗೂ ಹೋಗುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಅವರಿಗೆ ಮರೆವು ಶುರುವಾಯಿತು. ಹುಳದ ಒಂದು ಬಿದಿರಿನ ತಟ್ಟೆಗೆ ಎರಡು ಸಲ ಸೊಪ್ಪು ಹಾಕುವರು, ಇನ್ನೊಂದನ್ನು ಮರೆತೇ ಬಿಡುವರು. ಹೀಗೆ ಒಂದು ಬೆಳೆ ಪೂರ್ತಿ ಕೈಕೊಟ್ಟ ಮೇಲೆ ನಮ್ಮ ಯಜಮಾನರು ಹುಳ ನಿಲ್ಲಿಸಿ, ಹಿಪ್ಪುನೇರಳೆ ತೋಟ ಕೀಳಿಸಿ ಟೊಮೆಟೊ ಹಾಕಿದರು. ಕೆಲಸವಿಲ್ಲದೆ ಮಂಕಾಗಿ ಕೂತಿರುತ್ತಿದ್ದ ಅತ್ತೆಯನ್ನು ನೋಡಲಾರದೆ, ಒಂದು ಸಲ ಸಮುದ್ರವನ್ನಾದರೂ ತೋರಿಸೋಣ ಎಂದು ನೆಂಟರ ಜೊತೆ ಟೆಂಪೋ ಮಾಡಿಕೊಂಡು ಪುದುಚೇರಿಗೆ ಹೊರಟೆವು. ಇದು ನಾಲ್ಕು ವರ್ಷದ ಹಿಂದಿನ ಮಾತು.

ಮೊದಲ ದಿನ ಊರೆಲ್ಲ ಸುತ್ತಿದೆವು. ಸಮುದ್ರ ಕಂಡ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು. "ಇಷ್ಟು ನೀರಿದ್ರೂ ಕುಡಿಯೋಕಾಗಲ್ಲ ಅಂದ್ರೆ ಏನು ಬಂತು" ಎಂದು ಮುಖ ತಿರುಗಿಸಿಕೊಂಡರು. ಸಾವಿರ ಅಡಿ ಕೊರೆದರೂ ನೀರು ಬಾರದ ಕೋಲಾರದ ಕಡೆಯವರಿಗೆ ಅದು ದೊಡ್ಡ ಅನ್ಯಾಯವಾಗಿಯೇ ಕಂಡಿರಬೇಕು.

ಎರಡನೆಯ ದಿನ ಬೆಳಿಗ್ಗೆ ಲಾಡ್ಜಿನಲ್ಲಿ ಅತ್ತೆ ಎದ್ದವರೇ "ಹುಳಕ್ಕೆ ಯಾರು ಸೊಪ್ಪು ಹಾಕ್ತಾವ್ರೆ?" ಎಂದು ಕೇಳಿದರು. ಒಂದಲ್ಲ, ಐದು ಸಲ. ಸೀರೆ ಉಡಿಸುವ ಅವಸರದಲ್ಲಿದ್ದ ನಾನು ತಾಳ್ಮೆ ಕಳೆದುಕೊಂಡೆ. "ಹುಳ ಇಲ್ಲ, ಏನೂ ಇಲ್ಲ, ಸುಮ್ನಿರಿ ಅತ್ತೆ" ಎಂದು ಗದರಿಬಿಟ್ಟೆ. ಮರೆವಿನವರನ್ನು ಗದರಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು.

ಆ ದಿನ ನಾವು ಹೋದದ್ದು ಊರಾಚೆಯ ಒಂದು ಮೀನುಗಾರರ ಹಳ್ಳಿಗೆ. ದೋಣಿಗಳು ದಡಕ್ಕೆ ಬರುವುದನ್ನು ನೋಡಬಹುದು ಎಂದು ಡ್ರೈವರ್ ಕರೆದುಕೊಂಡು ಹೋಗಿದ್ದ. ಹನ್ನೊಂದು ಗಂಟೆಯ ಬಿಸಿಲು. ನಾನು ಅತ್ತೆಯ ಕೈ ಹಿಡಿದುಕೊಂಡೇ ಇದ್ದೆ. ಜೊತೆಗೆ ಬಂದಿದ್ದ ಮಕ್ಕಳು ಒಂದು ದೋಣಿ ಹತ್ತಿ ಫೋಟೊ ತೆಗಿ ಎಂದು ಪೀಡಿಸಿದಾಗ, ಅತ್ತೆಯನ್ನು ಮರಳಿನ ಮೇಲೆ ಕೂರಿಸಿ ಮೊಬೈಲು ತೆಗೆದೆ. ಎರಡು ನಿಮಿಷವೋ ಮೂರು ನಿಮಿಷವೋ ಇರಬೇಕು. ತಿರುಗಿ ನೋಡಿದರೆ ಅತ್ತೆ ಇಲ್ಲ.

ಅವರು ಕೂತಿದ್ದ ಜಾಗದಿಂದ ನೀರು ಇಪ್ಪತ್ತು ಹೆಜ್ಜೆಯೂ ದೂರವಿರಲಿಲ್ಲ. ಅಲೆಗಳಲ್ಲಿ ಅವರ ಹಸಿರು ಸೀರೆಯನ್ನು ಹುಡುಕುತ್ತಾ ನಿಂತೆ, ಸಿಗದಿರಲಿ ಎಂದು ಬೇಡಿಕೊಳ್ಳುತ್ತಾ. ಅವರಿಗೆ ಬರುವುದು ಕನ್ನಡ, ತೆಲುಗು ಅಷ್ಟೆ. ಫೋನಿಲ್ಲ, ಯಾರಾದರೂ ಊರು ಕೇಳಿದರೆ ಹೇಳುವಷ್ಟು ನೆನಪೂ ಇಲ್ಲ. ಯಜಮಾನರು "ಲೇ, ನೀನು ಆ ಗಲ್ಲಿಗಳಲ್ಲಿ ನೋಡು, ನಾನು ನೀರಿನ ಕಡೆ ಹೋಗ್ತೀನಿ" ಎಂದು ಓಡಿದರು.

ಗಲ್ಲಿಗಳೆಲ್ಲ ಒಂದೇ ತರಹ. ಅರೆಬರೆ ತಮಿಳಿನಲ್ಲಿ ಕಂಡಕಂಡವರನ್ನು ಕೇಳಿದೆ. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಅರ್ಧ ಗಂಟೆ ಸುತ್ತಿ, ಮೂರು ದಾರಿ ಕೂಡುವಲ್ಲಿ ನಿಂತೆ, ಅಳುವುದೊಂದು ಬಾಕಿಯಿತ್ತು. ಆಗ ನನಗೆ ಆ ಸದ್ದು ಕೇಳಿಸಿತು. ಹುಳ ಸೊಪ್ಪು ಮೇಯುವ ಸದ್ದು.

ರೇಷ್ಮೆ ಸಾಕದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಳ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ, ಅದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರದಿಂದ ಎದ್ದ ಹುಳ ಹಗಲು ರಾತ್ರಿ ಮೇಯುತ್ತದೆ. ಸಾವಿರಾರು ಹುಳ ಒಟ್ಟಿಗೆ ಮೇಯುವಾಗ ಹೊರಗೆ ಸಣ್ಣ ಮಳೆ ಹಿಡಿದಂತೆ ಸದ್ದಾಗುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಮಳೆಯೆಂದೇ ತಿಳಿದು ಒಣಗಿದ ಬಟ್ಟೆ ತರಲು ಅಂಗಳಕ್ಕೆ ಓಡಿದ್ದೆ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಆ ಸದ್ದನ್ನು ನಾನು ಬೇರೆ ಯಾವುದೋ ಎಂದುಕೊಳ್ಳುವ ಮಾತೇ ಇಲ್ಲ.

ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು, ಗಾಳಿ ಬಿದ್ದುಹೋಗಿತ್ತು. ಸದ್ದು ಎಡಗಡೆಯ ಗಲ್ಲಿಯಿಂದ ಬರುತ್ತಿತ್ತು. ಹೋದಂತೆಲ್ಲ ಹೆಚ್ಚಾಯಿತು. ಎರಡು ಕಡೆ ತಿರುಗಿದೆ, ಒಂದು ಕಡೆ ದಾರಿ ತಪ್ಪಿದಾಗ ಸದ್ದು ತಗ್ಗಿತು, ಹಿಂದಕ್ಕೆ ಬಂದೆ. ಕೊನೆಗೆ ತೆಂಗಿನ ಗರಿಯ ಒಂದು ಚಪ್ಪರದ ಮುಂದೆ ಬಂದು ನಿಂತೆ. ಹೊರಗೆ ಅತ್ತೆಯ ಚಪ್ಪಲಿಗಳು ಜೋಡಿಸಿಟ್ಟಂತೆ ಇದ್ದವು. ಅವನ್ನು ಕಂಡ ಕ್ಷಣದಲ್ಲೇ ಸದ್ದು ನಿಂತುಹೋಯಿತು.

ಒಳಗೆ ಒಬ್ಬ ಹೆಂಗಸು ದೊಡ್ಡ ಬಿದಿರಿನ ತಟ್ಟೆಗಳಲ್ಲಿ ಒಣ ಮೀನು ಹರಡಿಕೊಂಡು ಕೂತಿದ್ದಳು. ಅವಳ ಎದುರಿಗೆ ನಮ್ಮತ್ತೆ, ಇನ್ನೊಂದು ತಟ್ಟೆಯಲ್ಲಿ ಕಸ ಆರಿಸುತ್ತಾ, ಹುಟ್ಟಿದಾಗಿನಿಂದ ಅಲ್ಲೇ ಇದ್ದವರ ಹಾಗೆ. ನನ್ನನ್ನು ನೋಡಿ ಗದರಿದರು. "ಚಪ್ಪಲಿ ಆಚೆ ಬಿಟ್ಟು ಬಾರೇ. ಹುಳದ ಮನೆಗೆ ಹಂಗೇ ನುಗ್ತಾರೇನೇ?"

ನಾನು ಚಪ್ಪಲಿ ಬಿಟ್ಟೆ. ಒಳಗೆ ಹೋಗಿ ಅವರ ಮಡಿಲಲ್ಲಿ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟೆ. ಆ ಹೆಂಗಸು ನಮ್ಮಿಬ್ಬರಿಗೂ ನೀರು ಕೊಟ್ಟಳು. ಅಮ್ಮ ತಾವಾಗಿಯೇ ಬಂದು ಕೂತರು, ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ನಕ್ಕಳು.

ಬಿದಿರಿನ ತಟ್ಟೆ ಕಂಡು ಅತ್ತೆ ಅಲ್ಲಿಗೆ ಹೋಗಿರಬಹುದು, ಅದು ನನಗೂ ತಿಳಿಯುತ್ತದೆ. ಸದ್ದು ಯಾವುದು ಎಂದು ಮಾತ್ರ ತಿಳಿಯಲಿಲ್ಲ. ಫೋನು ಮಾಡಿದ ಮೇಲೆ ಓಡಿ ಬಂದ ಯಜಮಾನರಿಗೆ ಹೇಳಿದರೆ "ಬುಟ್ಟೀಲಿ ಏಡಿ ಓಡಾಡಿರ್ತಾವೆ ಕಣೇ" ಎಂದರು. ಏಡಿ ಇರಲಿಲ್ಲ, ನಾನು ಹುಡುಕಿದ್ದೆ. ತಗಡಿಗೆ ಮರಳು ಬಡಿದದ್ದೋ ಎಂದರೆ ಅಲ್ಲಿ ತಗಡೂ ಇರಲಿಲ್ಲ. ಹತ್ತು ನಿಮಿಷ ಅಲ್ಲೇ ಕಿವಿಗೊಟ್ಟು ಕೂತಿದ್ದೆ, ಏನೂ ಕೇಳಲಿಲ್ಲ. ಗಾಬರಿಯಾದಾಗ ಕಿವಿಗೆ ಏನೇನೋ ಕೇಳಿಸುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಯಾರಾದರೂ ಬಂದು ಹೇಳಿದ್ದರೆ ನಾನು ಕೊಡುತ್ತಿದ್ದ ಉತ್ತರವೂ ಅದೇ.

ಊರಿಗೆ ಮರಳುವಾಗ ಟೆಂಪೋದಲ್ಲಿ ಅವರ ಪಕ್ಕ ಕೂತು, ಕೈ ಬಿಡದೆ, ಮೆಲ್ಲಗೆ ಕೇಳಿದೆ. "ಅತ್ತೆ, ಅಲ್ಲಿಗೆ ಯಾಕೆ ಹೋದ್ರಿ?"

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ನೀನೇ ಕರೆದ್ಯಲ್ಲೇ. ಅತ್ತೆ, ಹುಳ ಎದ್ದವೆ, ನೆರಳಿಗೆ ಬನ್ನಿ ಅಂತ. ಮುಂದೆ ಮುಂದೆ ನೀನೇ ಹೋದೆ. ಅಷ್ಟು ಮೆತ್ತಗೆ ಕರೆದ್ರೆ ನಂಗೆ ಸರಿಯಾಗಿ ಕೇಳ್ಸಲ್ಲ ಕಣೇ."

ನಾನು ಕರೆದಿರಲಿಲ್ಲ. ಅವರನ್ನು ಅಷ್ಟು ಮೆತ್ತಗೆ ನಾನು ಯಾವತ್ತೂ ಕರೆದವಳಲ್ಲ. ಅತ್ತೆ ಈಗಲೂ ಗಟ್ಟಿಯಾಗಿದ್ದಾರೆ, ಆ ಮಾತನ್ನು ಮರೆತಿದ್ದಾರೆ. ನನಗೆ ಮರೆಯಲಾಗಿಲ್ಲ. ಆ ಮೂರು ನಿಮಿಷ ನಾನು ದೋಣಿಯ ಹತ್ತಿರ ಫೋಟೊ ತೆಗೆಯುತ್ತಾ ನಿಂತಿದ್ದೆ, ಅತ್ತೆಯೊಬ್ಬರಿದ್ದಾರೆ ಎಂಬುದೇ ನನ್ನ ತಲೆಯಲ್ಲಿರಲಿಲ್ಲ. ಆ ಹೊತ್ತಿನಲ್ಲಿ ಅವರನ್ನು ನೀರಿನ ಪಕ್ಕದಿಂದ ಎಬ್ಬಿಸಿ ನೆರಳಿಗೆ ಕರೆದುಕೊಂಡು ಹೋದವರು ಯಾರೋ ನನಗೆ ಗೊತ್ತಿಲ್ಲ. ಯಾರೇ ಆಗಿರಲಿ, ನಾನು ಮಾಡಬೇಕಾಗಿದ್ದ ಕೆಲಸವನ್ನು ಅವರು ಮಾಡಿದರು.