ಬೆಕ್ಕಿನ ಕಣ್ಣಿಗೆ ಯಾರೂ ಉಗುಳಬಾರದು

ಶಹಾಪುರದ ನಮ್ಮ ಮನೆಯ ಹಿಂದಿನ ಜಾಲಿಕಂಟಿಯೊಳಗಿಂದ ಬೆಕ್ಕು ಒಂದು ಕಣ್ಣು ಮುಚ್ಚಿಕೊಂಡು ಬಂತು. ಆ ಕಣ್ಣಿಂದ ನೀರು ಒಂದೇ ಸಮನೆ ಸುರಿಯುತ್ತಿತ್ತು. ಕಟ್ಟೆಯ ಮೇಲಿದ್ದ ಕಾಕಾ ಬಾಯಲ್ಲಿದ್ದ ತಂಬಾಕಿಗೆ ಎರಡು ಹರಳು ಉಪ್ಪು ಸೇರಿಸಿ ಅಗಿಯತೊಡಗಿದ. ಎತ್ತಿನ ಕಣ್ಣಿಗೆ ಪೆಟ್ಟಾದರೆ ಅವನ ಔಷಧ ಇದೇ. ಅಗಿದು ನೇರ ಕಣ್ಣಿಗೇ ಉಗುಳುವುದು.

"ಹಿಡಕೊ ಅದನ್ನ," ಅಂದ.

"ಉಗುಳೋದಿದ್ರ ಗಟಾರಕ್ಕ ಉಗುಳು ಕಾಕಾ. ನನ್ನ ಬೆಕ್ಕಿನ ಕಣ್ಣಿಗಲ್ಲ."

ಅವನಿಗೆ ಸಿಟ್ಟು ಬಂತು. ಬರಲಿ. ನನ್ನ ಎಡಗಣ್ಣು ಕೆಟ್ಟದ್ದೂ ಇದೇ ಔಷಧದಿಂದ. ಆಗ ನನಗೆ ಏಳು ವರ್ಷ, ಜೋಳದ ಗರಿ ತಾಗಿತ್ತು. ಅವ್ವ ನನ್ನ ತಲೆಯನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದಳು, ಕಾಕಾ ಉಗುಳಿದ. ಕಣ್ಣುಗುಡ್ಡೆಯ ಮೇಲೆ ಬಿಳಿ ಹೂ ಬಿತ್ತು. ದವಾಖಾನೆಯ ಮಾತನ್ನು ಯಾರೂ ಎತ್ತಲಿಲ್ಲ. ಕನ್ನಡಿಯ ಮುಂದೆ ನಿಂತಾಗಲೆಲ್ಲ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬೆಕ್ಕನ್ನು ಕಾಯಿಪಲ್ಲೆ ಚೀಲದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ನಡೆದೆ. ಎಮ್ಮೆ, ಆಡುಗಳ ಸಾಲಿನಲ್ಲಿ ನಾನೂ ನಿಂತೆ. ಚೀಟಿ ಬರೆಯುವವನು ನಕ್ಕ.

"ಬೆಕ್ಕಿನ್ನ ಯಾರರ ದವಾಖಾನಿಗಿ ತರ್ತಾರೇನ್ರಿ ಅಕ್ಕಾರ?"

"ನಾ ತಂದೀನಲ್ರಿ. ಬರೀರಿ."

ಡಾಕ್ಟರು ಮಾತ್ರ ನಗಲಿಲ್ಲ. ಬ್ಯಾಟರಿ ಬಿಟ್ಟು ನೋಡಿದರು. "ಗುಡ್ಡಿ ಮ್ಯಾಲ ಸಣ್ಣ ಗೀರು ಅದರಿ. ದಿನಕ್ಕ ನಾಲ್ಕ ಸಲ ಹನಿ ಹಾಕ್ರಿ. ಕೆರಕೊಳ್ಳಾಕ ಬಿಟ್ರ ಮಾತ್ರ ಕಣ್ಣು ಹೋಗ್ತದ."

ಬೆಕ್ಕಿಗೆ ಕೆರೆದುಕೊಳ್ಳಬೇಡ ಅಂತ ಯಾರು ಹೇಳಬೇಕು? ಮನೆಗೆ ಬಂದವಳೇ ಅವ್ವನ ಮೊಣಕಾಲಿನ ಹಳೆಯ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ, ಲಾಳಿಕೆಯ ಹಾಗೆ ಸುತ್ತಿ ಅದರ ಕೊರಳಿಗೆ ಕಟ್ಟಿದೆ. ಅವ್ವನ ಎಲುಬು ಹೊತ್ತುಕೊಂಡು ಬೆಕ್ಕು ಮನೆತುಂಬ ಗೋಡೆಗೆ ಢಿಕ್ಕಿ ಹೊಡೆಯುತ್ತ ತಿರುಗಿತು.

ಹನಿ ಹಾಕಲು ಒಬ್ಬಳ ಕೈ ಸಾಲಲಿಲ್ಲ, ಮೈಯೆಲ್ಲ ಪರಚಿತು. ಅವ್ವ ಕಾಲು ಚಾಚಿ ಕೂತು ಬೆಕ್ಕನ್ನು ತಾನೇ ಮಡಿಲಿಗೆ ಎಳೆದುಕೊಂಡಳು.

"ಅವಾಗ ನಮಗ ಇದೆಲ್ಲ ಗೊತ್ತಿದ್ದಿಲ್ಲವ್ವ," ಅಂದಳು.

ಹೋಗಲಿ ಬಿಡು ಅನ್ನಲು ನನಗೆ ಬಾಯಿ ಬರಲಿಲ್ಲ. "ಈಗ ಗೊತ್ತಾಗ್ಯಾದಲ್ಲ. ಅಲುಗಾಡದಂಗ ಹಿಡಿ," ಅಂದೆ. ಅವಳು ಹಿಡಿದಳು. ದಿನಕ್ಕೆ ನಾಲ್ಕು ಸಲ, ಒಂದು ಸಲವೂ ತಪ್ಪಿಸದೆ.

ವಾರ ಕಳೆದ ಮೇಲೆ ಬೆಕ್ಕು ಎರಡೂ ಕಣ್ಣು ಬಿಟ್ಟು ಕಟ್ಟೆಯ ಮೇಲೆ ಕೂತಿತ್ತು. ಕಾಕಾ ಅದನ್ನು ನೋಡಿ, "ಅಷ್ಟ ಗೀರು ತಾನಾ ಹೋಗ್ತಿತ್ತು," ಅಂದ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಒಳಗಿಂದ ಕೇಳಿದಳು: "ಹಂಗಾದ್ರ ನನ್ನ ಮಗಳ ಕಣ್ಣಿನ ಗೀರು ಯಾಕ ಹೋಗಲಿಲ್ಲ?"

ಆ ಒಂದು ಮಾತಿಗೆ ನಾನು ಮೂವತ್ತು ವರ್ಷ ಕಾದಿದ್ದೆ.